ಧನಿಕರ ದೇಣಿಗೆಯೂ ಪ್ರಜೆಗಳ ಮತವೂ



ಕೊಡುವುದು ಸದ್ಗುಣವೆಂಬುದನ್ನು ನಮ್ಮ ನಾಡಿನ ಜನರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಮಠದ ದಾಸೋಹಕ್ಕೆಂದು ಒಂದು ಚೀಲ ಜೋಳವನ್ನು ತಂದಿಳಿಸುವ ರೈತನು ಅದಕ್ಕೆ ಪ್ರತಿಯಾಗಿ ಏನನ್ನೂ ಬೇಡುವುದಿಲ್ಲ. ಅವನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವನು ಪಾವತಿ ಪಡೆದು ಊರಿಗೆ ಮರಳುತ್ತಾನೆ. ಕೊಟ್ಟದ್ದೂ ಬಹಿರಂಗ, ಪಡೆದದ್ದೂ ಬಹಿರಂಗ. ಆದರೆ ಕೊಡುವವನು ಕೋಟ್ಯಧೀಶನಾಗಿದ್ದು, ಪಡೆಯುವವನು ನಾಳೆ ಕಾನೂನು ಮಾಡುವ ಸ್ಥಾನಕ್ಕೆ ಏರಲಿರುವವನಾಗಿದ್ದರೆ, ಅಂಥ ದೇಣಿಗೆಯನ್ನು ನಾವು ಯಾವ ಹೆಸರಿನಿಂದ ಕರೆಯಬೇಕು? ಅದು ದಾನವೇ, ಸಾಲವೇ, ಅಥವಾ ಬೆಲೆಯೇ?

೨೦೨೪ನೆಯ ಇಸವಿಯಲ್ಲಿ ಈ ಪ್ರಶ್ನೆಯು ಜಗತ್ತಿನ ಎರಡು ದೊಡ್ಡ ಪ್ರಜಾಪ್ರಭುತ್ವಗಳಲ್ಲಿ ಏಕಕಾಲಕ್ಕೆ ತಲೆಯೆತ್ತಿತು. ಫೆಬ್ರವರಿ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಚುನಾವಣಾ ಬಾಂಡುಗಳ ಯೋಜನೆಯನ್ನು ರದ್ದುಪಡಿಸಿತು. ನವೆಂಬರ್ ತಿಂಗಳಲ್ಲಿ ನಡೆದ ಅಮೆರಿಕಾ ಸಂಯುಕ್ತ ಸಂಸ್ಥಾನದ ಚುನಾವಣೆಯಲ್ಲಿ ಜಗತ್ತಿನ ಅತ್ಯಂತ ಶ್ರೀಮಂತ ವ್ಯಕ್ತಿಯೆನಿಸಿದ ಈಲಾನ್ ಮಸ್ಕ್ ಅವರೊಬ್ಬರೇ ಒಂದು ಪಕ್ಷದ ಗೆಲುವಿಗಾಗಿ ೨೫ ಕೋಟಿ ಡಾಲರಿಗೂ ಮಿಕ್ಕಿ ವೆಚ್ಚ ಮಾಡಿದರು. ಅಮೆರಿಕದ ಜನರು ಈ ಪ್ರಶ್ನೆಯೊಡನೆ ಹೆಣಗಲು ತೊಡಗಿ ನೂರ ನಲವತ್ತು ವರ್ಷಗಳೇ ಸಂದಿವೆ. ಅವರು ಕಾನೂನುಗಳನ್ನು ಮಾಡಿದ್ದಾರೆ, ಆ ಕಾನೂನುಗಳ ಸಂದುಗಳಲ್ಲಿ ನುಸುಳಿದ್ದಾರೆ, ಮತ್ತೆ ಹೊಸ ಕಾನೂನುಗಳನ್ನು ಮಾಡಿದ್ದಾರೆ. ಆ ಇತಿಹಾಸವನ್ನು ಸಾವಧಾನವಾಗಿ ಅವಲೋಕಿಸಿದರೆ ನಮಗೂ ಉಪಯುಕ್ತವಾದ ಒಂದು ತಿಳಿವಳಿಕೆ ದೊರೆಯುತ್ತದೆಂಬ ನಂಬಿಕೆಯಿಂದ ಈ ಲೇಖನವನ್ನು ತಮ್ಮ ಮುಂದಿಡುತ್ತಿದ್ದೇನೆ.

ನೌಕರರ ಸಂಬಳದಿಂದ ಪಕ್ಷದ ಬೊಕ್ಕಸ

ಚುನಾವಣೆಯಲ್ಲಿ ಹಣದ ಪಾತ್ರವು ಇಂದಿನದಲ್ಲ. ಅಮೆರಿಕದ ಸಂವಿಧಾನದ ಶಿಲ್ಪಿಗಳಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್ ಅವರು ೧೭೭೭ರಲ್ಲಿ ವರ್ಜೀನಿಯದ ಶಾಸನಸಭೆಗೆ ಸ್ಪರ್ಧಿಸಿದಾಗ, ಮತದಾರರಿಗೆ ಮದ್ಯ ಹಂಚುವ ಅಂದಿನ ರೂಢಿಯನ್ನು ಒಪ್ಪಲಿಲ್ಲ. ಪರಿಣಾಮವಾಗಿ ಅವರು ಸೋತರು. ಮುಂದೆ ರಾಷ್ಟ್ರಾಧ್ಯಕ್ಷರಾಗಿ ಎರಡು ಅವಧಿ ಆಳಿದ ಮಹನೀಯರಿಗೆ ಮೊದಲ ದಿನಗಳಲ್ಲಿ ಆದ ಅನುಭವವಿದು.

೧೮೨೯ರಲ್ಲಿ ಆಂಡ್ರೂ ಜ್ಯಾಕ್ಸನ್ ಅವರು ಅಧ್ಯಕ್ಷರಾದ ಮೇಲೆ, ಗೆದ್ದ ಪಕ್ಷವು ಸರಕಾರಿ ಹುದ್ದೆಗಳನ್ನು ತನ್ನವರಿಗೆ ಹಂಚಿಕೊಡುವ ಪದ್ಧತಿ ಬಲವಾಗಿ ಬೇರೂರಿತು. ಹುದ್ದೆ ಪಡೆದವನು ತನ್ನ ಸಂಬಳದ ಒಂದು ಪಾಲನ್ನು ಪಕ್ಷಕ್ಕೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಕೆಲಸ ಹೋಗುತ್ತದೆ. ಅಂಚೆಯ ಗುಮಾಸ್ತನಿಂದ ಸುಂಕದ ಕಟ್ಟೆಯ ಅಧಿಕಾರಿಯವರೆಗೆ ಎಲ್ಲರೂ ಪಕ್ಷದ ಬೊಕ್ಕಸಕ್ಕೆ ಕಂದಾಯ ಕಟ್ಟುವವರಾದರು. ೧೮೮೧ರ ಜುಲೈ ೨ರಂದು ಹುದ್ದೆ ಸಿಗದೆ ಹತಾಶನಾದ ಚಾರ್ಲ್ಸ್ ಗಿಟೋ ಎಂಬಾತನು ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದನು. ಸೆಪ್ಟೆಂಬರ್ ೧೯ರಂದು ಅಧ್ಯಕ್ಷರು ಮೃತರಾದರು. ದೇಶವು ದುಃಖದಲ್ಲಿ ಎಚ್ಚೆತ್ತಿತು. ೧೮೮೩ರ ಜನವರಿಯಲ್ಲಿ ಪೆಂಡಲ್ಟನ್ ಕಾಯಿದೆ ಜಾರಿಗೆ ಬಂದು, ಅರ್ಹತಾ ಪರೀಕ್ಷೆಯ ಮೂಲಕ ನೇಮಕಾತಿಯನ್ನು ಆರಂಭಿಸಿತು; ಸರಕಾರಿ ನೌಕರರಿಂದ ಪಕ್ಷದ ವಂತಿಗೆ ವಸೂಲು ಮಾಡುವುದನ್ನು ನಿಷೇಧಿಸಿತು.

ಸುಧಾರಣೆ ಒಳ್ಳೆಯದೇ ಆಗಿತ್ತು. ಆದರೆ ಪಕ್ಷಗಳ ಖರ್ಚು ನಿಲ್ಲಲಿಲ್ಲ. ನೌಕರರ ಕಿಸೆಯ ಬಾಗಿಲು ಮುಚ್ಚಿದಾಗ ಅವು ಮತ್ತೊಂದು ಬಾಗಿಲನ್ನು ತಟ್ಟಿದವು. ಆ ಬಾಗಿಲು ರೈಲ್ವೆ, ಉಕ್ಕು, ಎಣ್ಣೆ, ಬ್ಯಾಂಕುಗಳ ಒಡೆಯರದಾಗಿತ್ತು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ಇತಿಹಾಸದಲ್ಲಿ ಇದೇ ಕ್ರಮವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

೧೮೯೬ರ ಚುನಾವಣೆ

ಧನಬಲವು ವ್ಯವಸ್ಥಿತ ರೂಪ ತಳೆದದ್ದು ೧೮೯೬ರಲ್ಲಿ. ಅಂದು ನಾಣ್ಯವು ಚಿನ್ನದ ಆಧಾರದ ಮೇಲೆಯೇ ನಿಲ್ಲಬೇಕೆ, ಬೆಳ್ಳಿಗೂ ಮುಕ್ತ ಅವಕಾಶವಿರಬೇಕೆ ಎಂಬುದು ದೊಡ್ಡ ವಿವಾದವಾಗಿತ್ತು. ಬೆಲೆ ಕುಸಿದು ಸಾಲದ ಹೊರೆಯಲ್ಲಿ ನರಳುತ್ತಿದ್ದ ಪಶ್ಚಿಮ ಮತ್ತು ದಕ್ಷಿಣದ ರೈತರು ಬೆಳ್ಳಿಯನ್ನು ಬಯಸಿದರು. ಸಾಲ ಕೊಟ್ಟಿದ್ದ ಪೂರ್ವತೀರದ ಲೇವಾದೇವಿಗಾರರೂ ಉದ್ಯಮಪತಿಗಳೂ ಚಿನ್ನವನ್ನೇ ಹಿಡಿದರು. ಡೆಮಾಕ್ರಟಿಕ್ ಪಕ್ಷವು ಕೇವಲ ಮೂವತ್ತಾರು ವರ್ಷದ ವಾಗ್ಮಿ ವಿಲಿಯಂ ಜೆನಿಂಗ್ಸ್ ಬ್ರಯನ್ ಅವರನ್ನು ನಿಲ್ಲಿಸಿತು. ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಒಹಾಯೊ ಪ್ರಾಂತದ ವಿಲಿಯಂ ಮೆಕಿನ್ಲಿ. ಅವರ ಬೆನ್ನಿಗೆ ನಿಂತವರು ಕ್ಲೀವ್‌ಲ್ಯಾಂಡ್ ನಗರದ ಕಲ್ಲಿದ್ದಲು ಮತ್ತು ಕಬ್ಬಿಣದ ವ್ಯಾಪಾರಿ ಮಾರ್ಕ್ ಹ್ಯಾನಾ.

ಹ್ಯಾನಾ ಅವರು ಚುನಾವಣೆಯನ್ನು ಒಂದು ವ್ಯಾಪಾರದ ಕೋಠಿಯಂತೆ ನಡೆಸಿದರು. ಯಾರು ಎಷ್ಟು ಕೊಡಬೇಕೆಂಬುದನ್ನು ಕೊಡುವವರ ಮನಸ್ಸಿಗೆ ಬಿಡದೆ ತಾವೇ ನಿಗದಿ ಮಾಡಿದರು. ಬ್ಯಾಂಕುಗಳಿಗೆ ಅವುಗಳ ಬಂಡವಾಳದ ಶೇಕಡ ಕಾಲು ಭಾಗವನ್ನು ಗೊತ್ತುಪಡಿಸಿದರು. ರಾಕ್‌ಫೆಲರ್ ಅವರ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ಎರಡೂವರೆ ಲಕ್ಷ ಡಾಲರು ಕೊಟ್ಟಿತು, ಜೆ. ಪಿ. ಮಾರ್ಗನ್ ಅವರ ಸಂಸ್ಥೆಯೂ ಅಷ್ಟೇ ಕೊಟ್ಟಿತು. ಪಕ್ಷದ ಲೆಕ್ಕದ ಪ್ರಕಾರ ಒಟ್ಟು ಸಂಗ್ರಹ ಸುಮಾರು ೩೫ ಲಕ್ಷ ಡಾಲರು. ಬ್ರಯನ್ ಅವರ ಕಡೆಗೆ ಇದರ ಐದನೆಯ ಒಂದು ಭಾಗವೂ ಕೂಡಿಬರಲಿಲ್ಲ. ಏಳು ಕೋಟಿ ಜನಸಂಖ್ಯೆಯ ದೇಶದಲ್ಲಿ ಹ್ಯಾನಾ ಅವರು ಇಪ್ಪತ್ತು ಕೋಟಿ ಕರಪತ್ರಗಳನ್ನು, ಅವೂ ಹಲವು ಭಾಷೆಗಳಲ್ಲಿ, ಹಂಚಿಸಿದರು. ಬ್ರಯನ್ ಅವರು ರೈಲುಬಂಡಿಯಲ್ಲಿ ಹದಿನೆಂಟು ಸಾವಿರ ಮೈಲಿ ಅಲೆದು ಆರುನೂರು ಭಾಷಣಗಳನ್ನು ಮಾಡಿದರು. ಮೆಕಿನ್ಲಿ ಅವರು ಕ್ಯಾಂಟನ್ ಊರಿನ ತಮ್ಮ ಮನೆಯ ಜಗುಲಿಯನ್ನು ಬಿಟ್ಟು ಕದಲಲಿಲ್ಲ; ಜನರೇ ತಂಡತಂಡವಾಗಿ ರೈಲಿನಲ್ಲಿ ಅವರ ಮನೆಯಂಗಳಕ್ಕೆ ಬಂದರು. ನಿರ್ವಾಚಕ ಮಂಡಲದ ೨೭೧ ಮತಗಳು ಮೆಕಿನ್ಲಿ ಅವರಿಗೂ ೧೭೬ ಬ್ರಯನ್ ಅವರಿಗೂ ಬಂದವು.

ಹ್ಯಾನಾ ಅವರು ಲಂಚಕೋರರೆಂದು ಅವರನ್ನು ಬಲ್ಲವರು ಹೇಳಲಿಲ್ಲ. ೧೯೦೦ರ ಚುನಾವಣೆಯಲ್ಲಿ ವಾಲ್ ಸ್ಟ್ರೀಟಿನ ಒಂದು ದಲ್ಲಾಳಿ ಸಂಸ್ಥೆಯು ಒಂದು ನಿರ್ದಿಷ್ಟ ಕಾರ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತು ಸಾವಿರ ಡಾಲರು ಕಳುಹಿಸಿದಾಗ ಅವರು ಅದನ್ನು ಹಿಂದಿರುಗಿಸಿದರೆಂದು ಅವರ ಜೀವನಚರಿತ್ರೆಕಾರ ಹರ್ಬರ್ಟ್ ಕ್ರೋಲಿ ಬರೆದಿದ್ದಾರೆ. ಇಲ್ಲಿಯೇ ವಿಚಾರದ ಮರ್ಮವಿದೆ. ಒಂದು ಕೆಲಸಕ್ಕೆ ಇಷ್ಟು ಹಣವೆಂದು ಮಾತಾಡಿ ಕೊಟ್ಟರೆ ಅದು ಲಂಚ. ಅದನ್ನು ಹ್ಯಾನಾ ಅವರೂ ಒಪ್ಪಲಿಲ್ಲ. ಏನನ್ನೂ ಮಾತಾಡದೆ, ನಮ್ಮ ಹಿತವನ್ನು ಬಲ್ಲ ಸರಕಾರ ಬರಲಿ ಎಂದು ಎರಡೂವರೆ ಲಕ್ಷ ಕೊಟ್ಟರೆ ಅದನ್ನು ಏನೆನ್ನಬೇಕು? ಕಾನೂನು ಆಡಿದ ಮಾತನ್ನು ಹಿಡಿಯಬಲ್ಲುದು. ಆಡದೆ ಉಳಿದ ಋಣವನ್ನು ಹಿಡಿಯುವುದು ಕಠಿಣ.

ವಿಮಾದಾರರ ಹಣ

೧೯೦೪ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಅವರು ಅಧ್ಯಕ್ಷ ಪದವಿಗೆ ನಿಂತರು. ದೊಡ್ಡ ಕಂಪನಿಗಳ ಕೂಟಗಳನ್ನು ಮುರಿಯುವವರೆಂದು ಅವರು ಪ್ರಸಿದ್ಧರಾಗಿದ್ದರು. ಆದರೆ ಅವರ ಚುನಾವಣೆಯ ಬೊಕ್ಕಸಕ್ಕೆ ಹಣ ಬರುತ್ತಿದ್ದುದು ಅದೇ ಕಂಪನಿಗಳಿಂದ. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಸರ್ ಅವರು ತಮ್ಮ ಪತ್ರಿಕೆಯಲ್ಲಿ ಒಂದೊಂದು ಉದ್ಯಮದ ಹೆಸರು ಹಿಡಿದು, ಅದು ಎಷ್ಟು ಕೊಟ್ಟಿತೆಂದು ಬಹಿರಂಗವಾಗಿ ಪ್ರಶ್ನಿಸಿದರು. ಉತ್ತರ ಬರಲಿಲ್ಲ. ರೂಸ್‌ವೆಲ್ಟ್ ಅವರು ಗೆದ್ದರು.

ಉತ್ತರ ದೊರೆತದ್ದು ಮರುವರ್ಷ. ನ್ಯೂಯಾರ್ಕ್ ಪ್ರಾಂತದ ಶಾಸನಸಭೆಯು ಜೀವವಿಮಾ ಕಂಪನಿಗಳ ಅವ್ಯವಹಾರಗಳ ವಿಚಾರಣೆಗಾಗಿ ಒಂದು ಸಮಿತಿಯನ್ನು ನೇಮಿಸಿತು. ಸಮಿತಿಯ ವಕೀಲರು ಚಾರ್ಲ್ಸ್ ಇವಾನ್ಸ್ ಹ್ಯೂಸ್. ಮುಂದೆ ಅವರು ಅಮೆರಿಕದ ಮುಖ್ಯ ನ್ಯಾಯಾಧೀಶರಾದರು. ೧೯೦೫ರ ಸೆಪ್ಟೆಂಬರಿನಲ್ಲಿ ಹ್ಯೂಸ್ ಅವರು ಲೆಕ್ಕದ ಪುಸ್ತಕದ ಒಂದು ಅಸ್ಪಷ್ಟ ನಮೂದನ್ನು ಹಿಡಿದು ಪಟ್ಟುಬಿಡದೆ ಪ್ರಶ್ನಿಸಿದರು. ಆಗ ನ್ಯೂಯಾರ್ಕ್ ಲೈಫ್ ಕಂಪನಿಯ ಉಪಾಧ್ಯಕ್ಷರು, ೪೮ ಸಾವಿರ ಡಾಲರಿಗೂ ಹೆಚ್ಚು ಹಣವನ್ನು ರಿಪಬ್ಲಿಕನ್ ಪಕ್ಷದ ಚುನಾವಣಾ ನಿಧಿಗೆ ಕೊಟ್ಟಿದ್ದೆವೆಂದು ಒಪ್ಪಿಕೊಳ್ಳಬೇಕಾಯಿತು. ದೇಶವೆಲ್ಲ ಬೆಚ್ಚಿತು. ಏಕೆಂದರೆ ಆ ಹಣ ಕಂಪನಿಯ ಅಧಿಕಾರಿಗಳದಲ್ಲ. ತನ್ನ ಮರಣಾನಂತರ ಹೆಂಡತಿ ಮಕ್ಕಳು ಅನಾಥರಾಗಬಾರದೆಂದು ಕೂಲಿಕಾರನೂ ಶಿಕ್ಷಕನೂ ವಿಧವೆಯೂ ತಿಂಗಳು ತಿಂಗಳು ಕಟ್ಟಿದ ಕಂತಿನ ಹಣವದು. ವಿಮಾದಾರರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕಿದವರೂ ಇದ್ದರು; ಅವರಿಗೆ ಅರಿವಿಲ್ಲದೆಯೇ ಅವರ ಉಳಿತಾಯ ವಿರೋಧ ಪಕ್ಷದ ಕೈ ಸೇರಿತ್ತು.

ರೂಸ್‌ವೆಲ್ಟ್ ಅವರು ಅದೇ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಕಂಪನಿಗಳ ದೇಣಿಗೆಯನ್ನೇ ನಿಷೇಧಿಸಬೇಕೆಂದು ಸೂಚಿಸಿದರು. ತಾವು ಉಂಡ ಎಲೆಯನ್ನು ತಾವೇ ಎತ್ತಿದರೆಂದು ಕೆಲವರು ಹೇಳಿದರೆ, ತಪ್ಪಿಸಿಕೊಳ್ಳುವ ಉಪಾಯವೆಂದು ಮತ್ತೆ ಕೆಲವರು ಹೇಳಿದರು. ಅದೇನೇ ಇರಲಿ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಮೇಲೆ ೧೯೦೬ರಲ್ಲಿ ಮೊಕದ್ದಮೆ ಹೂಡಿದ್ದು ಅವರ ಸರಕಾರವೇ. ೧೯೧೧ರಲ್ಲಿ ಆ ಕಂಪನಿ ಒಡೆದು ಹೋಳಾಯಿತು. ಉಕ್ಕಿನ ಉದ್ಯಮಿ ಹೆನ್ರಿ ಫ್ರಿಕ್ ಅವರು, ನಾವು ಅವರನ್ನು ಕೊಂಡುಕೊಂಡೆವು, ಆದರೆ ಕೊಂಡ ಸರಕು ನಮ್ಮ ಕೈಯಲ್ಲಿ ನಿಲ್ಲಲಿಲ್ಲ ಎಂಬರ್ಥದ ಮಾತನ್ನಾಡಿ ಕೊರಗಿದರೆಂದು ಪ್ರತೀತಿಯಿದೆ. ಕೊಟ್ಟವರ ಮನಸ್ಸಿನಲ್ಲಿ ಅದು ಏನಾಗಿತ್ತೆಂಬುದು ಈ ಮಾತಿನಿಂದ ಸ್ಪಷ್ಟವಾಗುತ್ತದೆ.

೧೯೦೭ರ ಜನವರಿ ೨೬ರಂದು ಟಿಲ್‌ಮನ್ ಕಾಯಿದೆ ಅಂಗೀಕೃತವಾಗಿ, ರಾಷ್ಟ್ರಮಟ್ಟದ ಚುನಾವಣೆಗಳಿಗೆ ಕಂಪನಿಗಳೂ ರಾಷ್ಟ್ರೀಯ ಬ್ಯಾಂಕುಗಳೂ ಹಣ ಕೊಡುವುದನ್ನು ನಿಷೇಧಿಸಿತು. ಅದನ್ನು ಮಂಡಿಸಿದ ಸೆನೆಟರ್ ಬೆಂಜಮಿನ್ ಟಿಲ್‌ಮನ್ ಅವರು ದಕ್ಷಿಣ ಕೆರೊಲಿನದಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ಕಿತ್ತುಕೊಂಡವರಲ್ಲಿ ಮುಂದಾಳು ಎಂಬುದನ್ನು ಇತಿಹಾಸ ಮರೆಯುವಂತಿಲ್ಲ. ಧನಿಕರ ಹಿಡಿತದಿಂದ ಮತಪೆಟ್ಟಿಗೆಯನ್ನು ಬಿಡಿಸಬೇಕೆಂದವರೇ ಬಡವರಲ್ಲಿ ಬಡವರಾದವರನ್ನು ಮತಪೆಟ್ಟಿಗೆಯ ಬಳಿ ಸುಳಿಯಗೊಡಲಿಲ್ಲ. ೧೯೧೦ರ ಮತ್ತೊಂದು ಕಾಯಿದೆಯು ದೇಣಿಗೆದಾರರ ಹೆಸರು ಮತ್ತು ಮೊತ್ತವನ್ನು ಪ್ರಕಟಿಸಬೇಕೆಂದು ವಿಧಿಸಿತು. ೧೯೧೧ರ ತಿದ್ದುಪಡಿಯು ಚುನಾವಣೆಗೆ ಮೊದಲೇ ಪ್ರಕಟಿಸಬೇಕೆಂದಿತು. ಕೊಟ್ಟವನ ಹೆಸರನ್ನು ತಿಳಿಯುವುದು ಮತದಾರನ ಹಕ್ಕು ಎಂಬ ತತ್ತ್ವವು ಆ ದೇಶದ ಕೇಂದ್ರ ಶಾಸನದಲ್ಲಿ ಸ್ಥಾನ ಪಡೆದದ್ದು ಹೀಗೆ.

ಹಾಲಿನ ಬೆಲೆ

ಕಾಯಿದೆಯೇನೋ ಆಯಿತು, ನಡೆಸುವವರಿರಲಿಲ್ಲ. ೧೯೨೨ರಲ್ಲಿ ಒಳಾಡಳಿತ ಸಚಿವ ಆಲ್ಬರ್ಟ್ ಫಾಲ್ ಅವರು ನೌಕಾಪಡೆಗೆ ಮೀಸಲಾಗಿದ್ದ ಎಣ್ಣೆಯ ನಿಕ್ಷೇಪಗಳನ್ನು ಗುಟ್ಟಾಗಿ ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಹಗರಣ ಬಯಲಾಯಿತು. ಅವರು ಸೆರೆಮನೆ ಕಂಡರು. ೧೯೨೫ರಲ್ಲಿ ಇನ್ನೊಂದು ಕಾಯಿದೆ ಬಂದಿತು. ಅದನ್ನು ಜಾರಿಗೊಳಿಸಲು ಪ್ರತ್ಯೇಕ ಸಂಸ್ಥೆಯೇ ಇರಲಿಲ್ಲವಾದ್ದರಿಂದ ಅದು ಸುಮಾರು ಅರ್ಧ ಶತಮಾನ ಕಾಗದದ ಮೇಲೆ ನಿದ್ರಿಸಿತು. ಆ ನಿದ್ರೆಗೆ ಭಂಗ ತಂದದ್ದು ರಿಚರ್ಡ್ ನಿಕ್ಸನ್ ಅವರ ಕಾಲ.

ಹೈನುಗಾರಿಕೆಯ ನಾಡಿನವರಾದ ನಮಗೆ ಸುಲಭವಾಗಿ ಅರ್ಥವಾಗುವ ಒಂದು ಪ್ರಸಂಗವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಹಾಲಿನ ಬೆಂಬಲ ಬೆಲೆಯನ್ನು ಸರಕಾರ ಗೊತ್ತುಪಡಿಸುತ್ತಿತ್ತು. ೧೯೭೧ರ ಮಾರ್ಚ್ ೧೨ರಂದು ಕೃಷಿ ಸಚಿವರು ಬೆಲೆಯನ್ನು ಏರಿಸುವುದಿಲ್ಲವೆಂದು ಪ್ರಕಟಿಸಿದರು. ನೂರು ಪೌಂಡು ಹಾಲಿಗೆ ೪ ಡಾಲರು ೬೬ ಸೆಂಟು ಎಂದೇ ಉಳಿಯಿತು. ಮಾರ್ಚ್ ೨೩ರಂದು ಹಾಲು ಉತ್ಪಾದಕರ ದೊಡ್ಡ ಸಹಕಾರಿ ಸಂಘಗಳ ಮುಖಂಡರು ಅಧ್ಯಕ್ಷರನ್ನು ಭೇಟಿಯಾದರು. ಮಾರ್ಚ್ ೨೫ರಂದು ಬೆಲೆಯನ್ನು ೪ ಡಾಲರು ೯೩ ಸೆಂಟಿಗೆ ಏರಿಸಲಾಯಿತು. ಈ ಸಂಘಗಳು ಅಧ್ಯಕ್ಷರ ಮುಂದಿನ ಚುನಾವಣೆಗೆ ಇಪ್ಪತ್ತು ಲಕ್ಷ ಡಾಲರು ಕೊಡುವುದಾಗಿ ಅದಕ್ಕೆ ಮೊದಲೇ ಮಾತು ಕೊಟ್ಟಿದ್ದವೆಂಬುದು ಆಮೇಲೆ ಹೊರಬಿದ್ದಿತು. ಆ ಮಾತು ತಮಗೆ ತಿಳಿದಿತ್ತೆಂದು ನಿಕ್ಸನ್ ಅವರ ಕಾರ್ಯಾಲಯವೂ ೧೯೭೪ರಲ್ಲಿ ಒಪ್ಪಿಕೊಂಡಿತು. ಆದರೆ ಬೆಲೆ ಏರಿಸಿದ್ದು ಕಾಂಗ್ರೆಸ್ಸಿನ ಒತ್ತಾಯದಿಂದಲೇ ಹೊರತು ದೇಣಿಗೆಯಿಂದಲ್ಲವೆಂದು ವಾದಿಸಿತು. ಇದರಲ್ಲಿ ಲಂಚ ಪಡೆದರೆಂಬ ಆರೋಪ ಹೊತ್ತಿದ್ದ ಖಜಾನೆಯ ಮಾಜಿ ಸಚಿವ ಜಾನ್ ಕಾನಲಿ ಅವರನ್ನು ೧೯೭೫ರಲ್ಲಿ ನ್ಯಾಯಾಲಯ ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಕಾಂಗ್ರೆಸ್ಸಿನ ಒತ್ತಾಯ ಇದ್ದುದು ನಿಜ. ಹಣದ ಮಾತು ನಡೆದುದೂ ನಿಜ. ಎರಡರಲ್ಲಿ ಯಾವುದು ಬೆಲೆಯನ್ನು ಏರಿಸಿತು? ಖಚಿತವಾಗಿ ಯಾರು ಹೇಳಬಲ್ಲರು? ದೊಡ್ಡ ದೇಣಿಗೆಯ ಮೊದಲ ಅನರ್ಥವೇ ಇದು. ಅದು ನ್ಯಾಯವಾದ ನಿರ್ಣಯವನ್ನೂ ಸಂಶಯದ ಕಣ್ಣಿನಿಂದ ನೋಡುವಂತೆ ಮಾಡುತ್ತದೆ.

ದೇಣಿಗೆದಾರರ ಹೆಸರುಗಳನ್ನು ಕಟ್ಟುನಿಟ್ಟಾಗಿ ಪ್ರಕಟಿಸಬೇಕೆಂಬ ಹೊಸ ಕಾನೂನು ೧೯೭೨ರ ಏಪ್ರಿಲ್ ೭ರಿಂದ ಜಾರಿಗೆ ಬರುವುದಿತ್ತು. ಆ ದಿನಕ್ಕೆ ಮೊದಲಿನ ವಾರಗಳಲ್ಲಿ ನಿಕ್ಸನ್ ಅವರ ಚುನಾವಣಾ ಸಮಿತಿಗೆ ಹಣದ ಹೊಳೆಯೇ ಹರಿಯಿತು. ವಿಮಾ ಉದ್ಯಮಿ ಕ್ಲೆಮೆಂಟ್ ಸ್ಟೋನ್ ಅವರೊಬ್ಬರೇ ಆ ಚುನಾವಣೆಯಲ್ಲಿ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಸಮಿತಿಗೆ ಬಂದ ೨೫ ಸಾವಿರ ಡಾಲರಿನ ಒಂದು ಚೆಕ್ಕು, ವಾಟರ್‌ಗೇಟ್ ಕಟ್ಟಡಕ್ಕೆ ಜೂನ್ ೧೭ರಂದು ನುಗ್ಗಿದ ಕಳ್ಳರಲ್ಲಿ ಒಬ್ಬನ ಬ್ಯಾಂಕು ಖಾತೆಯಲ್ಲಿ ಜಮಾ ಆಗಿದ್ದುದು ಪತ್ತೆಯಾದಾಗ ಇಡೀ ಹಗರಣದ ದಾರ ಬಿಚ್ಚಿಕೊಳ್ಳತೊಡಗಿತು. ೧೯೦೭ರ ನಿಷೇಧವನ್ನು ಮೀರಿ ಹಣ ಕೊಟ್ಟಿದ್ದೆವೆಂದು ಅಮೆರಿಕನ್ ಏರ್‌ಲೈನ್ಸ್, ಗಲ್ಫ್ ಆಯಿಲ್, ಗುಡ್‌ಇಯರ್ ಮೊದಲಾದ ಕಂಪನಿಗಳು ಒಪ್ಪಿಕೊಂಡವು. ಒಂದು ಲಕ್ಷ ಡಾಲರಿನ ದೇಣಿಗೆಗಾಗಿ ರಾಯಭಾರಿ ಹುದ್ದೆಯ ಆಶ್ವಾಸನೆ ಕೊಟ್ಟಿದ್ದ ನಿಕ್ಸನ್ ಅವರ ವಕೀಲರು ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದರು. ೧೯೭೪ರ ಆಗಸ್ಟ್ ೯ರಂದು ನಿಕ್ಸನ್ ಅವರು ಪದತ್ಯಾಗ ಮಾಡಿದರು.

ಅದೇ ಅಕ್ಟೋಬರಿನಲ್ಲಿ ಬಂದ ಕಾನೂನು ಹಿಂದಿನ ಎಲ್ಲಕ್ಕಿಂತ ಬಿಗಿಯಾದುದು. ಒಬ್ಬ ವ್ಯಕ್ತಿಯು ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಯಲ್ಲಿ ಸಾವಿರ ಡಾಲರಿಗಿಂತ ಹೆಚ್ಚು ಕೊಡುವಂತಿಲ್ಲ. ಅಭ್ಯರ್ಥಿಯ ವೆಚ್ಚಕ್ಕೂ ಮಿತಿ. ಅಧ್ಯಕ್ಷ ಪದವಿಯ ಚುನಾವಣೆಗೆ ಸಾರ್ವಜನಿಕ ನಿಧಿ. ಜಾರಿಗೊಳಿಸಲು ಒಂದು ಆಯೋಗ. ರೋಗಕ್ಕೆ ಮದ್ದು ಸಿಕ್ಕಿತೆಂದೇ ಅನೇಕರು ಭಾವಿಸಿದರು.

ನುಡಿಯೋ, ಹಣವೋ?

ಆದರೆ ೧೯೭೬ರ ಜನವರಿ ೩೦ರಂದು ಸುಪ್ರೀಂ ಕೋರ್ಟು ಬಕ್ಲಿ ಪ್ರಕರಣದಲ್ಲಿ ಆ ಕಾನೂನನ್ನು ಸೀಳಿ ಎರಡು ಮಾಡಿತು. ದೇಣಿಗೆಗೆ ಮಿತಿ ಹಾಕಬಹುದು, ಏಕೆಂದರೆ ಅದರಿಂದ ಭ್ರಷ್ಟಾಚಾರದ ಭಯವುಂಟು. ವೆಚ್ಚಕ್ಕೆ ಮಿತಿ ಹಾಕಲಾಗದು, ಏಕೆಂದರೆ ಇಂದಿನ ಕಾಲದಲ್ಲಿ ಹಣವಿಲ್ಲದೆ ಜನಸಮೂಹಕ್ಕೆ ಮಾತು ತಲುಪದು ಎಂಬುದು ತೀರ್ಪಿನ ಸಾರ. ಎಷ್ಟು ದೂರವಾದರೂ ಹೋಗು, ಆದರೆ ಒಂದೇ ಟಾಕಿ ಪೆಟ್ರೋಲಿನಲ್ಲಿ ಹೋಗು ಎಂದಂತಾಗುತ್ತದೆಂದು ನ್ಯಾಯಾಲಯವು ಉಪಮೆ ಕೊಟ್ಟಿತು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕರಪತ್ರ ಅಚ್ಚು ಹಾಕಿಸಲು ಹಣ ಬೇಕು, ಪತ್ರಿಕೆ ನಡೆಸಲು ಹಣ ಬೇಕು. ಸರಕಾರವು ವೆಚ್ಚಕ್ಕೆ ಕಡಿವಾಣ ಹಾಕುತ್ತಾ ಹೋದರೆ ತನ್ನನ್ನು ಟೀಕಿಸುವವರ ಬಾಯಿ ಕಟ್ಟಲೂಬಹುದು. ಆದರೆ ಒಬ್ಬನಿಗೆ ಕೊರಳು ಮಾತ್ರವಿದ್ದು, ಇನ್ನೊಬ್ಬನಿಗೆ ಸಾವಿರ ಧ್ವನಿವರ್ಧಕಗಳಿದ್ದರೆ, ಇಬ್ಬರಿಗೂ ಸಮಾನ ವಾಕ್‌ಸ್ವಾತಂತ್ರ್ಯವಿದೆಯೆಂದು ಹೇಳುವುದು ಮಾತಿಗೆ ಮಾತ್ರ ಸರಿ.

೨೦೧೦ರ ಜನವರಿ ೨೧ರಂದು ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ನ್ಯಾಯಾಲಯವು ಇನ್ನೂ ಮುಂದೆ ಹೋಯಿತು. ಅಭ್ಯರ್ಥಿಯೊಡನೆ ಸಮಾಲೋಚಿಸದೆ ಸ್ವತಂತ್ರವಾಗಿ ಪ್ರಚಾರ ಮಾಡುವುದಾದರೆ ಕಂಪನಿಗಳೂ ಕಾರ್ಮಿಕ ಸಂಘಗಳೂ ಎಷ್ಟಾದರೂ ಖರ್ಚು ಮಾಡಬಹುದೆಂದು ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು; ನಾಲ್ವರು ವಿರೋಧಿಸಿದರು. ಹಿರಿಯ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರು ಸುಮಾರು ತೊಂಬತ್ತು ಪುಟಗಳ ಭಿನ್ನಮತವನ್ನು ಬರೆದರು. ಅದೇ ಮಾರ್ಚಿನಲ್ಲಿ ಮತ್ತೊಂದು ನ್ಯಾಯಾಲಯದ ತೀರ್ಪಿನಿಂದ, ಇಂಥ ಸ್ವತಂತ್ರ ಪ್ರಚಾರ ನಡೆಸುವ ಸಮಿತಿಗಳಿಗೆ ವ್ಯಕ್ತಿಗಳು ಮಿತಿಯಿಲ್ಲದೆ ಹಣ ಕೊಡಬಹುದಾಯಿತು. ‘ಸೂಪರ್ ಪ್ಯಾಕ್’ ಎಂಬ ಹೆಸರಿನಿಂದ ಇಂದು ಪ್ರಸಿದ್ಧವಾಗಿರುವ ಸಮಿತಿಗಳು ಇವೇ. ಅಭ್ಯರ್ಥಿಯ ಕೈಗೆ ಕೊಡುವ ಹಣಕ್ಕೆ ಕೆಲವೇ ಸಾವಿರ ಡಾಲರುಗಳ ಮಿತಿ; ಅವನ ಹೆಸರನ್ನೇ ಊರೂರು ಸಾರುವ ಸಮಿತಿಗೆ ಕೊಡುವ ಹಣಕ್ಕೆ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಆದರೂ ಒಂದು ಅಂಶವನ್ನು ಗಮನಿಸಬೇಕು. ೨೦೧೦ರ ಅದೇ ತೀರ್ಪಿನಲ್ಲಿ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನ್ಯಾಯಮೂರ್ತಿಗಳು, ಹೆಸರನ್ನು ಪ್ರಕಟಿಸಬೇಕೆಂಬ ನಿಯಮವನ್ನು ಎತ್ತಿಹಿಡಿದರು. ಹಣಕ್ಕೆ ಮಿತಿ ಬೇಕೆಂಬವರೂ ಬೇಡವೆಂಬವರೂ ಕೂಡಿ ನಿಂತ ಏಕೈಕ ನೆಲವಿದು. ದುರ್ದೈವದಿಂದ ಆ ನೆಲವೂ ಸವೆಯುತ್ತಿದೆ. ಸಮಾಜಹಿತದ ಹೆಸರಿನಲ್ಲಿ ನೋಂದಣಿಯಾದ ಕೆಲವು ಲಾಭರಹಿತ ಸಂಸ್ಥೆಗಳು ಸಾಮಾನ್ಯವಾಗಿ ತಮ್ಮ ದೇಣಿಗೆದಾರರ ಹೆಸರನ್ನು ಬಹಿರಂಗಪಡಿಸಬೇಕಾಗಿಲ್ಲ. ಅವುಗಳ ಮೂಲಕ ಹರಿಯುವ ಹಣಕ್ಕೆ ಅಲ್ಲಿಯ ಜನ ಕತ್ತಲ ಹಣವೆಂದೇ ಹೆಸರಿಟ್ಟಿದ್ದಾರೆ. ಎರಡೂ ಪಕ್ಷಗಳ ಬೆಂಬಲಿಗರು ಈ ದಾರಿಯನ್ನು ಬಳಸಿದ್ದಾರೆ.

ಹಣವಿದ್ದರೆ ಗೆಲುವೇ?

ಹಾಗಾದರೆ ಹಣವುಳ್ಳವರೇ ಸದಾ ಗೆಲ್ಲುವರೆ ಎಂದು ತಾವು ಕೇಳಬಹುದು. ಇಲ್ಲ. ೧೯೯೨ರಲ್ಲಿ ಕೋಟ್ಯಧೀಶ ರಾಸ್ ಪೆರೋ ಅವರು ಸ್ವಂತ ಹಣದಿಂದ ಸ್ಪರ್ಧಿಸಿ ಶೇಕಡ ಸುಮಾರು ೧೯ರಷ್ಟು ಮತ ಪಡೆದರೂ ನಿರ್ವಾಚಕ ಮಂಡಲದ ಒಂದು ಮತವೂ ದಕ್ಕಲಿಲ್ಲ. ೨೦೨೦ರಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ಅವರು ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆಗಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಸುರಿದು ಅಮೆರಿಕನ್ ಸಮೋವ ಎಂಬ ಪುಟ್ಟ ದ್ವೀಪಪ್ರದೇಶವೊಂದನ್ನು ಮಾತ್ರ ಗೆದ್ದರು. ೨೦೨೪ರಲ್ಲಿ ಕಮಲಾ ಹ್ಯಾರಿಸ್ ಅವರ ಪ್ರಚಾರಕ್ಕೆ ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ ಕೂಡಿದರೂ ಅವರು ಸೋತರು. ೨೦೨೫ರ ಏಪ್ರಿಲಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಒಂದು ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಮಸ್ಕ್ ಅವರೂ ಅವರ ಸಮಿತಿಗಳೂ ಎರಡು ಕೋಟಿ ಡಾಲರಿನಷ್ಟು ವೆಚ್ಚ ಮಾಡಿದರೂ ಅವರು ಬೆಂಬಲಿಸಿದ ಅಭ್ಯರ್ಥಿ ಸೋತರು. ಎದುರು ಅಭ್ಯರ್ಥಿಗೂ ಕೋಟ್ಯಧೀಶರ ನೆರವಿತ್ತು. ಮತದಾರನು ಇನ್ನೂ ಮಾರಾಟದ ಸರಕಾಗಿಲ್ಲವೆಂಬುದು ಇದರಿಂದ ತಿಳಿಯುವ ಸಮಾಧಾನ.

ಆದರೆ ಮಹಾದೇಣಿಗೆಯು ಕೊಳ್ಳುವುದು ಗೆಲುವನ್ನಷ್ಟೇ ಅಲ್ಲ. ಬಾಗಿಲು ತಟ್ಟಿದೊಡನೆ ತೆರೆಯುವ ಮನ್ನಣೆಯನ್ನು ಅದು ಕೊಳ್ಳುತ್ತದೆ. ಯಾವ ವಿಷಯ ಚರ್ಚೆಗೆ ಬರಬೇಕು, ಯಾವುದು ಬರಬಾರದು ಎಂಬುದನ್ನು ಅದು ತೀರ್ಮಾನಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಯೋಗ್ಯನಾದರೂ ಧನಿಕರ ಪರಿಚಯವಿಲ್ಲದವನು ಕಣಕ್ಕಿಳಿಯದಂತೆ ಅದು ಮೊದಲೇ ತಡೆಯುತ್ತದೆ. ೨೦೨೫ರ ಜನವರಿಯಿಂದ ಮೇ ಕೊನೆಯವರೆಗೆ ಮಸ್ಕ್ ಅವರು, ಯಾವ ಚುನಾವಣೆಯನ್ನೂ ಗೆಲ್ಲದೆ, ಸರಕಾರಿ ಇಲಾಖೆಗಳ ವೆಚ್ಚವನ್ನೂ ನೌಕರರನ್ನೂ ಕಡಿತಗೊಳಿಸುವ ಕಾರ್ಯದಲ್ಲಿ ಅಧ್ಯಕ್ಷರ ಪಕ್ಕದಲ್ಲಿ ನಿಂತದ್ದನ್ನು ಜಗತ್ತು ಕಂಡಿತು. ಅವರ ದಕ್ಷತೆಯನ್ನು ಮೆಚ್ಚುವವರಿದ್ದಾರೆ, ಖಂಡಿಸುವವರಿದ್ದಾರೆ. ಆ ಸ್ಥಾನವು ಅವರಿಗೆ ದೇಣಿಗೆಯಿಲ್ಲದೆ ದೊರೆಯುತ್ತಿತ್ತೆ ಎಂಬ ಪ್ರಶ್ನೆಯಂತೂ ಉಳಿದಿದೆ.

ನಮ್ಮ ನಾಡಿನ ಮಾತು

ಈಗ ನಮ್ಮ ದೇಶದತ್ತ ತಿರುಗೋಣ. ೧೯೫೭ರಲ್ಲಿ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ತನ್ನ ನಿಬಂಧನೆಯನ್ನು ತಿದ್ದಿಕೊಂಡ ಪ್ರಕರಣ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರು ಕಾನೂನಿನಂತೆ ಅನುಮತಿ ಕೊಟ್ಟರ��. ಆದರೆ ಇಂಥ ಹಣವು ಪ್ರಜಾಪ್ರಭುತ್ವದ ಒರತೆಯನ್ನೇ ಕದಡೀತೆಂಬ ಅರ್ಥದ ಗಂಭೀರ ಎಚ್ಚರಿಕೆಯನ್ನೂ ನೀಡಿದರು. ೧೯೬೯ರಲ್ಲಿ ಕಂಪನಿಗಳ ದೇಣಿಗೆ ಪೂರ್ಣ ನಿಷಿದ್ಧವಾಯಿತು. ಪಕ್ಷಗಳಿಗೆ ಬೇರೆ ನ್ಯಾಯವಾದ ಆದಾಯದ ದಾರಿ ತೋರಿಸದೆ ಮಾಡಿದ ಈ ನಿಷೇಧವು ಲೆಕ್ಕವಿಲ್ಲದ ಹಣಕ್ಕೆ ಎಡೆಮಾಡಿತೆಂಬುದು ಬಲ್ಲವರ ಅಭಿಪ್ರಾಯ. ೧೯೭೪ರ ಅಕ್ಟೋಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಿಸಬೇಕೆಂದು ತೀರ್ಪಿತ್ತಿತು. ಕೆಲವೇ ದಿನಗಳಲ್ಲಿ ಸರಕಾರವು ಸುಗ್ರೀವಾಜ್ಞೆಯಿಂದ ಆ ತೀರ್ಪನ್ನು ನಿಷ್ಫಲಗೊಳಿಸಿತು. ೧೯೮೫ರಲ್ಲಿ ಕಂಪನಿಗಳ ದೇಣಿಗೆಗೆ ಮಿತಿಯೊಡನೆ ಮತ್ತೆ ಅವಕಾಶವಾಯಿತು. ೨೦೧೭ರಲ್ಲಿ ಆ ಮಿತಿಯನ್ನೂ ತೆಗೆಯಲಾಯಿತು.

ಅದೇ ಸಂದರ್ಭದಲ್ಲಿ ರೂಪುಗೊಂಡು ೨೦೧೮ರಲ್ಲಿ ಜಾರಿಗೆ ಬಂದದ್ದು ಚುನಾವಣಾ ಬಾಂಡುಗಳ ಯೋಜನೆ. ನಗದು ಹಣದ ಬದಲು ಬ್ಯಾಂಕಿನ ಮೂಲಕ ದೇಣಿಗೆ ಬರಲಿ ಎಂಬುದು ಅದರ ಘೋಷಿತ ಉದ್ದೇಶ. ಆದರೆ ಕೊಟ್ಟವರು ಯಾರೆಂಬುದು ಮತದಾರನಿಗೆ ತಿಳಿಯುವಂತಿರಲಿಲ್ಲ. ರಿಸರ್ವ್ ಬ್ಯಾಂಕೂ ಚುನಾವಣಾ ಆಯೋಗವೂ ಮೊದಲೇ ಆಕ್ಷೇಪ ಎತ್ತಿದ್ದವು. ಮೂವತ್ತು ಕಂತುಗಳಲ್ಲಿ ೧೬,೫೧೮ ಕೋಟಿ ರೂಪಾಯಿಗಳ ಬಾಂಡುಗಳು ಮಾರಾಟವಾದವು. ಆಳುವ ಪಕ್ಷಕ್ಕೆ ಅತಿ ಹೆಚ್ಚಿನ ಪಾಲು ಸಂದರೂ ವಿರೋಧ ಪಕ್ಷಗಳೂ ಪ್ರಾದೇಶಿಕ ಪಕ್ಷಗಳೂ ಪಡೆದವು. ೨೦೨೪ರ ಫೆಬ್ರವರಿ ೧೫ರಂದು ಐವರು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ, ಈ ಗೋಪ್ಯತೆಯು ಮತದಾರನ ತಿಳಿಯುವ ಹಕ್ಕಿಗೆ ವಿರುದ್ಧವೆಂದು ಸಾರಿತು. ಮಾರ್ಚ್ ೧೪ರಂದು ಹೆಸರುಗಳು ಪ್ರಕಟವಾದವು. ಅತ್ಯಂತ ದೊಡ್ಡ ಖರೀದಿದಾರ ಒಂದು ಲಾಟರಿ ಕಂಪನಿ. ಮೊತ್ತ ೧,೩೬೮ ಕೋಟಿ ರೂಪಾಯಿ. ದೇಣಿಗೆಗಳ ಹಿಂದೆ ಕೊಡು-ಕೊಳ್ಳುವಿಕೆ ಇತ್ತೆ ಎಂಬ ವಿಶೇಷ ತನಿಖೆಗೆ ಆಗಸ್ಟ್ ತಿಂಗಳಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಆದರೂ ಹೆಸರುಗಳು ಈಗ ಜನರ ಮುಂದಿವೆ.

ಅಮೆರಿಕದ ಇತಿಹಾಸವೂ ನಮ್ಮದೂ ಒಂದೇ ಮಾತನ್ನು ಹೇಳುತ್ತವೆ. ಒಂದು ದಾರಿಯನ್ನು ಕಟ್ಟಿದರೆ ಹಣವು ಇನ್ನೊಂದು ದಾರಿಯನ್ನು ಹುಡುಕುತ್ತದೆ. ಆದ್ದರಿಂದ ಕಾನೂನು ಒಮ್ಮೆ ಮಾಡಿ ಮರೆತುಬಿಡುವ ವಸ್ತುವಲ್ಲ. ಮಿತಿಗಳು ಬರುತ್ತವೆ, ಹೋಗುತ್ತವೆ. ಆದರೆ ಕೊಟ್ಟವನ ಹೆಸರು ಬೆಳಕಿಗೆ ಬರಲೇಬೇಕೆಂಬ ನಿಯಮವು ಉಳಿದಿರುವವರೆಗೆ ಪ್ರಜೆಯ ಕೈಯಲ್ಲಿ ಒಂದು ದೀಪವಿರುತ್ತದೆ. ಆ ದೀಪವನ್ನು ನಾವು ಬಳಸುತ್ತಿದ್ದೇವೆಯೆ? ನಮ್ಮಲ್ಲಿ ಇಂದಿಗೂ ಲೋಕಸಭೆಯ ಅಭ್ಯರ್ಥಿಯ ವೆಚ್ಚಕ್ಕೆ ಮಿತಿಯುಂಟು, ಪಕ್ಷದ ವೆಚ್ಚಕ್ಕೆ ಮಿತಿಯಿಲ್ಲ. ಇಪ್ಪತ್ತು ಸಾವಿರ ರೂಪಾಯಿಗಿಂತ ಹೆಚ್ಚಿನ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಆಯೋಗಕ್ಕೆ ಸಲ್ಲಿಸಬೇಕು. ಆ ಪಟ್ಟಿಗಳು ಯಾರು ಬೇಕಾದರೂ ಓದುವಂತೆ ಪ್ರಕಟವಾಗುತ್ತವೆ. ಓದುವವರೆಷ್ಟು ಮಂದಿ?

ಮಠದ ಪ್ರಸಾದನಿಲಯದಲ್ಲಿ ಓದಿ ಇಂದು ವಕೀಲರಾಗಿ, ಉಪಾಧ್ಯಾಯರಾಗಿ, ಲೆಕ್ಕಪರಿಶೋಧಕರಾಗಿ ಊರೂರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಚುನಾವಣೆ ಬಂದಾಗ ಆ ಪಟ್ಟಿಯನ್ನು ತೆರೆದು ನೋಡಿರಿ. ನೆರೆಹೊರೆಯವರಿಗೆ ಓದಿ ಹೇಳಿರಿ. ಮತ ಕೇಳಲು ಬಂದವರನ್ನು, ಯಾವ ಪಕ್ಷದವರೇ ಆಗಲಿ, ನಿಮ್ಮ ಖರ್ಚು ಯಾರದೆಂದು ವಿನಯದಿಂದಲೇ ಕೇಳಿರಿ. ಮತ್ತು ಆ ಪ್ರಶ್ನೆಯನ್ನು ಕೇಳುವ ಮೊದಲು, ಮತದ ಹಿಂದಿನ ರಾತ್ರಿ ನಮ್ಮ ಓಣಿಗೆ ಬರುವ ನೋಟನ್ನು ನಾವು ಪಡೆದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳೋಣ. ಐನೂರು ರೂಪಾಯಿ ಪಡೆದವನಿಗೆ ಐನೂರು ಕೋಟಿ ಪಡೆದವನನ್ನು ಪ್ರಶ್ನಿಸುವ ಬಾಯಿ ಇರುವುದಿಲ್ಲ.